ಮಠದ ತೋಟದ ವಿಜ್ಞಾನತಪಸ್ವಿ: ಗ್ರೆಗೋರ್ ಮೆಂಡೆಲ್

ಒಂದೇ ಹೊಲದಲ್ಲಿ, ಒಂದೇ ದಿನ, ಒಂದೇ ಕೈಯಿಂದ ಬಿತ್ತಿದ ಬೀಜಗಳು ಒಂದೇ ತೆರನಾಗಿ ಬೆಳೆಯುವುದಿಲ್ಲ. ಒಂದು ಸಸಿ ಎತ್ತರಕ್ಕೆ ಏರುತ್ತದೆ, ಪಕ್ಕದ್ದು ಗಿಡ್ಡವಾಗಿಯೇ ಉಳಿಯುತ್ತದೆ. ಒಂದರ ಕಾಳು ಉರುಟಾಗಿ ತುಂಬಿಕೊಳ್ಳುತ್ತದೆ, ಇನ್ನೊಂದರದು ಸುಕ್ಕುಗಟ್ಟುತ್ತದೆ. ಈ ಭೇದಕ್ಕೆ ಬೀಜ ಕಾರಣವೋ ನೆಲ ಕಾರಣವೋ ಎಂಬ ಪ್ರಶ್ನೆ ಬಹು ಪುರಾತನವಾದುದು. ಬೀಜಕ್ಕೆ ಪ್ರಾಧಾನ್ಯವೋ ಕ್ಷೇತ್ರಕ್ಕೆ ಪ್ರಾಧಾನ್ಯವೋ ಎಂದು ನಮ್ಮ ನಾಡಿನ ಪ್ರಾಚೀನ ಶಾಸ್ತ್ರಕಾರರೂ ಚರ್ಚಿಸಿದ್ದಾರೆ. ಆದರೆ ಚರ್ಚೆಯನ್ನು ಬದಿಗಿರಿಸಿ, ಕೈಯಲ್ಲಿ ಚಿಮಟ ಹಿಡಿದು, ಗಿಡಗಳನ್ನೂ ಕಾಳುಗಳನ್ನೂ ಒಂದೊಂದಾಗಿ ಎಣಿಸಿ, ಬೀಜದ ಪಾಲು ಇಷ್ಟು ಎಂದು ಲೆಕ್ಕದಿಂದ ತೋರಿಸಿಕೊಟ್ಟವರು ಒಬ್ಬ ಮಠವಾಸಿ. ಜೊತೆಗೆ ಒಬ್ಬ ಶಾಲಾಮಾಸ್ತರರು. ಅವರೇ ಆನುವಂಶಿಕ ಶಾಸ್ತ್ರದ ಜನಕರೆಂದು ಜಗತ್ತು ಇಂದು ಗೌರವಿಸುವ ಗ್ರೆಗೋರ್ ಮೆಂಡೆಲರು. ಬದುಕಿರುವಷ್ಟು ಕಾಲ ಅವರಿಗೆ ಈ ಗೌರವ ಲಭಿಸಲಿಲ್ಲ. ಶಿಕ್ಷಕ ಪದವಿಯ ಪರೀಕ್ಷೆಯಲ್ಲಿ ಸಹ ಅವರು ಉತ್ತೀರ್ಣರಾಗಲಿಲ್ಲ.

ಬಡತನದ ಬಾಲ್ಯ

ಅಂದಿನ ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಸಿಲೇಸಿಯಾ ಪ್ರಾಂತದಲ್ಲಿ ಹೈನ್ಜೆನ್‌ಡಾರ್ಫ್ ಎಂಬ ಪುಟ್ಟ ಹಳ್ಳಿ. ಇಂದು ಅದು ಚೆಕ್ ಗಣರಾಜ್ಯದಲ್ಲಿದೆ. ಅಲ್ಲಿ 1822ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಆಂಟನ್ ಮೆಂಡೆಲ್ ಎಂಬ ರೈತನಿಗೆ ಗಂಡುಮಗುವೊಂದು ಜನಿಸಿತು. ಯೋಹಾನ್ ಎಂದು ಹೆಸರಿಟ್ಟರು. ತಾಯಿ ರೋಸೀನಾ ತೋಟಗಾರರ ಮನೆತನದವಳು. ಅಕ್ಕ ವೆರೋನಿಕಾ, ತಂಗಿ ತೆರೇಸಿಯಾ. ತಂದೆಗೆ ಸ್ವಂತ ಹೊಲವಿದ್ದರೂ ವಾರದಲ್ಲಿ ಮೂರು ದಿನ ಜಮೀನ್ದಾರರ ಭೂಮಿಯಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. ಉಳಿದ ದಿನಗಳಲ್ಲಿ ಅವನು ತನ್ನ ಹೊಲವನ್ನೂ ಮನೆಯ ಹಿಂದಿನ ಹಣ್ಣಿನ ಮರಗಳನ್ನೂ ನೋಡಿಕೊಳ್ಳುತ್ತಿದ್ದನು. ಊರಿನ ಪಾದ್ರಿ ಶ್ರೈಬರ್ ಎಂಬಾತನು ಉತ್ತಮ ತಳಿಯ ಕುಡಿಗಳನ್ನು ರೈತರಿಗೆ ಹಂಚಿ ಕಸಿ ಕಟ್ಟುವುದನ್ನು ಕಲಿಸುತ್ತಿದ್ದನು. ಊರಿನ ಶಾಲೆಯಲ್ಲಿಯೂ ಅಕ್ಷರದೊಂದಿಗೆ ತೋಟಗಾರಿಕೆ, ಜೇನುಸಾಕಣೆಗಳ ಪಾಠವಿತ್ತು. ಕಾಡುಮರದ ಬುಡಕ್ಕೆ ಸಿಹಿಹಣ್ಣಿನ ಕುಡಿಯನ್ನು ಕಟ್ಟಿದರೆ ಬೇರು ಕಾಡಿನದಾದರೂ ಹಣ್ಣು ಕುಡಿಯ ಗುಣವನ್ನೇ ಹೊರುವುದೆಂಬುದನ್ನು ಬಾಲಕ ಯೋಹಾನನು ತಂದೆಯ ಪಕ್ಕದಲ್ಲಿ ನಿಂತು ಕಣ್ಣಾರೆ ಕಂಡನು.

ಹುಡುಗನ ಬುದ್ಧಿಯನ್ನು ಗುರುತಿಸಿದ ಊರಿನ ಉಪಾಧ್ಯಾಯನು ಅವನನ್ನು ಪಟ್ಟಣದ ಶಾಲೆಗೆ ಕಳುಹಿಸುವಂತೆ ತಂದೆತಾಯಿಗಳನ್ನು ಒಪ್ಪಿಸಿದನು. ಹನ್ನೊಂದನೆಯ ವಯಸ್ಸಿನಲ್ಲಿ ಲಿಪ್ನಿಕ್, ಮರುವರ್ಷ ಟ್ರೋಪಾವ್ ನಗರದ ಪ್ರೌಢಶಾಲೆ. ವಸತಿಗೃಹದಲ್ಲಿ ಪೂರ್ಣ ಭೋಜನಕ್ಕೆ ಹಣ ತೆರುವ ಶಕ್ತಿ ಮನೆಯವರಿಗೆ ಇರಲಿಲ್ಲ. ಅರ್ಧ ಊಟಕ್ಕೆ ಮಾತ್ರ ಕಟ್ಟಿದ್ದರು. ಊರಿನಿಂದ ಆಗಾಗ ಬರುತ್ತಿದ್ದ ರೊಟ್ಟಿ, ಬೆಣ್ಣೆಗಳಿಂದ ಉಳಿದರ್ಧ ಹೊಟ್ಟೆ ತುಂಬಬೇಕಾಗಿತ್ತು. 1838ರಲ್ಲಿ ಬಿಟ್ಟಿ ಕೆಲಸದ ಸಮಯದಲ್ಲಿಯೇ ಮರದ ದಿಮ್ಮಿಯೊಂದು ಉರುಳಿ ತಂದೆಯ ಎದೆಗೆ ಪೆಟ್ಟಾಯಿತು. ಆತನು ಮುಂದೆ ಚೇತರಿಸಿಕೊಳ್ಳಲೇ ಇಲ್ಲ. ಹದಿನಾರರ ಯೋಹಾನನು ಅಂದಿನಿಂದ ಕಿರಿಯ ವಿದ್ಯಾರ್ಥಿಗಳಿಗೆ ಮನೆಪಾಠ ಹೇಳಿ ತನ್ನ ಓದನ್ನು ತಾನೇ ನಡೆಸಿದನು. ಚಿಂತೆ, ಅರೆಹೊಟ್ಟೆ, ಅತಿಶ್ರಮ ಇವು ಸೇರಿ ಅವನನ್ನು ಹಲವು ಬಾರಿ ಹಾಸಿಗೆ ಹಿಡಿಸಿದವು. ತಿಂಗಳುಗಟ್ಟಲೆ ಊರಿಗೆ ಹಿಂದಿರುಗಿ ಮಲಗಬೇಕಾಯಿತು.

1841ರಲ್ಲಿ ತಂದೆಯು ಹೊಲಮನೆಗಳನ್ನು ಹಿರಿಯ ಅಳಿಯನಿಗೆ ಮಾರಿಬಿಟ್ಟನು. ಓಲ್ಮುಟ್ಸ್ ನಗರದ ಉನ್ನತ ವಿದ್ಯಾಲಯದಲ್ಲಿ ಓದುತ್ತಿದ್ದ ಯೋಹಾನನ ವ್ಯಾಸಂಗ ಇನ್ನು ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಆಗ ಇನ್ನೂ ಬಾಲಿಕೆಯಾಗಿದ್ದ ತಂಗಿ ತೆರೇಸಿಯಾ ತನ್ನ ಮದುವೆಗೆಂದು ತೆಗೆದಿರಿಸಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಲೋಕಕ್ಕೆ ಒಬ್ಬ ಮಹಾವಿಜ್ಞಾನಿಯನ್ನು ಉಳಿಸಿಕೊಟ್ಟ ದಾನಗಳಲ್ಲಿ ಇದೇ ಮೊದಲನೆಯದು. ಅಣ್ಣನು ಈ ಋಣವನ್ನು ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಭಾರವನ್ನು ತಾನೇ ಹೊತ್ತನು. ಅವರಲ್ಲಿ ಇಬ್ಬರು ವೈದ್ಯರಾದರು.

ಮಠಪ್ರವೇಶ

ಓಲ್ಮುಟ್ಸಿನ ಭೌತಶಾಸ್ತ್ರದ ಅಧ್ಯಾಪಕ ಫ್ರಾಂಟ್ಸ್ ತನ್ನ ಶಿಷ್ಯನ ಯೋಗ್ಯತೆಯನ್ನೂ ದಾರಿದ್ರ್ಯವನ್ನೂ ಬಲ್ಲವನು. ಆತನ ಶಿಫಾರಸಿನ ಮೇಲೆ 1843ರ ಅಕ್ಟೋಬರ್ 9ರಂದು ಬ್ರನೋ ನಗರದ ಸಂತ ಥಾಮಸರ ಮಠವು ಯೋಹಾನನನ್ನು ಸ್ವೀಕರಿಸಿತು. ಅಗಸ್ಟೀನ್ ಪಂಥಕ್ಕೆ ಸೇರಿದ ಈ ಮಠದಲ್ಲಿ ಆತನಿಗೆ ಗ್ರೆಗೋರ್ ಎಂಬ ನೂತನ ನಾಮಧೇಯ ಪ್ರಾಪ್ತವಾಯಿತು. ದೈನಂದಿನ ಅನ್ನದ ಚಿಂತೆಯಿಂದ ಬಿಡುಗಡೆ ದೊರೆಯಬೇಕೆಂಬುದೂ ತಮ್ಮ ನಿರ್ಧಾರಕ್ಕೆ ಒಂದು ಕಾರಣವಾಗಿತ್ತೆಂಬುದನ್ನು ಮೆಂಡೆಲರು ಮುಂದೆ ಸಂಕೋಚವಿಲ್ಲದೆ ಬರೆದುಕೊಂಡಿದ್ದಾರೆ.

ಆ ಮಠ ಸಾಮಾನ್ಯವಾದುದಲ್ಲ. ಸುತ್ತಣ ವಿದ್ಯಾಸಂಸ್ಥೆಗಳಲ್ಲಿ ಪಾಠ ಹೇಳುವುದು ಅಲ್ಲಿನ ಮಠವಾಸಿಗಳಿಗೆ ಸಾಮ್ರಾಟನ ಆಜ್ಞೆಯಿಂದ ವಿಧಿಸಲ್ಪಟ್ಟ ಕರ್ತವ್ಯವಾಗಿತ್ತು. ತತ್ತ್ವಶಾಸ್ತ್ರ, ಸಂಗೀತ, ಗಣಿತ, ಸಸ್ಯಶಾಸ್ತ್ರಗಳಲ್ಲಿ ಪಳಗಿದವರು ಅಲ್ಲಿದ್ದರು. ಸಮೃದ್ಧವಾದ ಗ್ರಂಥಾಲಯವೂ ಒಂದು ಪ್ರಯೋಗದ ತೋಟವೂ ಇದ್ದವು. 1824ರಿಂದ ಮಠಾಧಿಪತಿಗಳಾಗಿದ್ದ ಸಿರಿಲ್ ನಾಪ್ ಅವರು ಕೃಷಿಯ ಅಭ್ಯುದಯದಲ್ಲಿ ಆಸಕ್ತರು. ಬ್ರನೋ ಆಗ ಉಣ್ಣೆಯ ನೇಯ್ಗೆಗೆ ಪ್ರಸಿದ್ಧವಾದ ನಗರವಾದ್ದರಿಂದ ಒಳ್ಳೆಯ ಉಣ್ಣೆಯ ಕುರಿಗಳನ್ನು ಪಡೆಯುವುದು ಹೇಗೆಂಬ ವಿಚಾರ ಅಲ್ಲಿನ ಸಾಕಣೆಗಾರರ ಸಭೆಗಳಲ್ಲಿ ನಡೆಯುತ್ತಿತ್ತು. ಮರಿಯು ತಾಯಿತಂದೆಗಳಿಂದ ಪಡೆಯುವುದು ಏನನ್ನು, ಪಡೆಯುವುದು ಹೇಗೆ ಎಂಬುದೇ ಬಗೆಹರಿಯಬೇಕಾದ ಮೂಲಪ್ರಶ್ನೆಯೆಂದು 1837ರಷ್ಟು ಹಿಂದೆಯೇ ನಾಪ್ ಅವರು ಆ ಸಭೆಯಲ್ಲಿ ಸೂಚಿಸಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುವ ಶಿಷ್ಯ ಆರು ವರ್ಷಗಳ ತರುವಾಯ ತಾನಾಗಿಯೇ ಮಠದ ಬಾಗಿಲಿಗೆ ಬಂದನು.

1847ರಲ್ಲಿ ಮೆಂಡೆಲರಿಗೆ ಪೌರೋಹಿತ್ಯದ ದೀಕ್ಷೆಯಾಯಿತು. ಆಸ್ಪತ್ರೆಯ ರೋಗಿಗಳನ್ನು ಸಂತೈಸುವ ಸೇವೆ ಅವರ ಪಾಲಿಗೆ ಬಂದಿತು. ಆದರೆ ಪರರ ನೋವನ್ನು ಕಂಡು ತಾಳಲಾರದ ಮೃದುಹೃದಯ ಅವರದು. ರೋಗಿಗಳ ಹಾಸಿಗೆಯ ಬಳಿಗೆ ಹೋಗಿ ಬಂದು ತಾವೇ ಕಾಯಿಲೆ ಬಿದ್ದರು. ಬೇರೆ ಮಠಾಧಿಪತಿಗಳಾಗಿದ್ದರೆ ಇದನ್ನು ಕರ್ತವ್ಯಲೋಪವೆಂದು ಬಗೆಯುತ್ತಿದ್ದರೇನೋ. ನಾಪ್ ಅವರು ಶಿಷ್ಯನ ಸ್ವಭಾವವನ್ನು ಅರಿತು, ಆ ಸೇವೆಯಿಂದ ಬಿಡಿಸಿ, 1849ರಲ್ಲಿ ಸ್ನೈಮ್ ಪಟ್ಟಣದ ಶಾಲೆಗೆ ಬದಲಿ ಉಪಾಧ್ಯಾಯರನ್ನಾಗಿ ಕಳುಹಿಸಿದರು. ತರಗತಿಯಲ್ಲಿ ನಿಂತೊಡನೆ ಮೆಂಡೆಲರು ತಮ್ಮ ನಿಜವಾದ ಕಾಯಕವನ್ನು ಕಂಡುಕೊಂಡರು.

ಪರೀಕ್ಷೆಯಲ್ಲಿ ಅಪಜಯ

ಕಾಯಂ ಶಿಕ್ಷಕರಾಗಲು ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗಿತ್ತು. 1850ರಲ್ಲಿ ವಿಯೆನ್ನಾದಲ್ಲಿ ಪರೀಕ್ಷೆಗೆ ಕುಳಿತ ಮೆಂಡೆಲರು ಭೂವಿಜ್ಞಾನ, ಪ್ರಾಣಿವಿಜ್ಞಾನಗಳಲ್ಲಿ ಅನುತ್ತೀರ್ಣರಾದರು. ಈ ವಿಷಯಗಳನ್ನು ಅದುವರೆಗೆ ಬಹುಮಟ್ಟಿಗೆ ಪುಸ್ತಕಗಳಿಂದಲೇ ಕಲಿತವರು ಅವರು. ಈ ಕೊರತೆಯನ್ನು ಮನಗಂಡ ನಾಪ್ ಅವರು ಮಠದ ವೆಚ್ಚದಲ್ಲಿಯೇ 1851ರಿಂದ 1853ರವರೆಗೆ ಅವರನ್ನು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಓದಿಸಿದರು. ಅಲ್ಲಿ ಡಾಪ್ಲರ್ ಅವರಿಂದ ಪ್ರಯೋಗವನ್ನು ಯೋಜಿಸುವ ಕ್ರಮ, ಎಟಿಂಗ್ಸ್‌ಹೌಸೆನ್ ಅವರಿಂದ ಸಂಯೋಜನೆಗಳ ಗಣಿತ, ಉಂಗರ್ ಅವರಿಂದ ಸಸ್ಯಶರೀರದ ಶಾಸ್ತ್ರ ಅವರಿಗೆ ದೊರೆತವು. ನೆಲದ ಗುಣವು ಸಸ್ಯಗಳ ಹರಡುವಿಕೆಯನ್ನು ಹೇಗೆ ನಿರ್ಧರಿಸುವುದೆಂಬುದರ ಬಗ್ಗೆ ಗ್ರಂಥ ಬರೆದಿದ್ದ ವಿದ್ವಾಂಸರು ಈ ಉಂಗರ್. ಗಣಿತ ಮತ್ತು ಸಸ್ಯಶಾಸ್ತ್ರ ಒಬ್ಬನೇ ವಿದ್ಯಾರ್ಥಿಯ ಚಿತ್ತದಲ್ಲಿ ಕೂಡಿದ್ದು ಅಂದಿನ ಕಾಲಕ್ಕೆ ಅಪರೂಪದ ಸಂಗತಿ.

1854ರಿಂದ ಹದಿನಾಲ್ಕು ವರ್ಷ ಬ್ರನೋ ನಗರದ ಪ್ರೌಢಶಾಲೆಯಲ್ಲಿ ಮೆಂಡೆಲರು ಭೌತಶಾಸ್ತ್ರ, ಪ್ರಕೃತಿವಿಜ್ಞಾನಗಳನ್ನು ಬೋಧಿಸಿದರು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಹೋದಾಗ ಆರೋಗ್ಯ ಕೆಟ್ಟು ಅರ್ಧದಲ್ಲಿಯೇ ಹಿಂದಿರುಗಿದರು. ಹೀಗೆ ಕಡೆಯ ತನಕ ಅವರು ಬದಲಿ ಉಪಾಧ್ಯಾಯರಾಗಿಯೇ ಉಳಿದರು. ವಿದ್ಯಾರ್ಥಿಗಳು ಮಾತ್ರ ಅವರ ಪ್ರಮಾಣಪತ್ರವನ್ನು ಕೇಳಲಿಲ್ಲ. ನಗುಮೊಗ, ಹಿತವಾದ ಹಾಸ್ಯ, ಕಠಿನ ವಿಷಯವನ್ನು ಸರಳಗೊಳಿಸುವ ಜಾಣ್ಮೆ, ಹಿಂದುಳಿದವರನ್ನು ಬೇರೆಯಾಗಿ ಕೂಡಿಸಿಕೊಂಡು ಬಿಟ್ಟಿಯಾಗಿ ಪಾಠ ಹೇಳುವ ಔದಾರ್ಯ ಇವುಗಳಿಂದ ಅವರು ಮಕ್ಕಳ ಪ್ರೀತಿಗೆ ಪಾತ್ರರಾದರು.

ಬಟಾಣಿಯ ಪಾತಿಯಲ್ಲಿ ಎಂಟು ವರ್ಷ

ಮಠದ ಆವರಣದಲ್ಲಿ ಊಟದ ಮನೆಯ ಗೋಡೆಯ ಬಳಿ ಸುಮಾರು ಮೂವತ್ತೈದು ಮೀಟರ್ ಉದ್ದ, ಏಳು ಮೀಟರ್ ಅಗಲದ ಒಂದು ಪಾತಿ. ಅದೇ ಮೆಂಡೆಲರ ಪ್ರಯೋಗಶಾಲೆ. ಅವರು ಆರಿಸಿಕೊಂಡ ಸಸ್ಯ ಬಡವರ ಮನೆಯ ಸಾರಿಗೂ ಬೀಳುವ ಬಟಾಣಿ. ಬಟಾಣಿಯ ಹೂವು ಮುಚ್ಚಿದ ದೋಣಿಯಂತಿದ್ದು ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುತ್ತದೆ. ಹೊರಗಿನ ಪರಾಗ ನುಸುಳುವ ಭಯ ಕಡಿಮೆ. ಮೂವತ್ತನಾಲ್ಕು ಬಗೆಯ ಬೀಜಗಳನ್ನು ತರಿಸಿ, ಎರಡು ವರ್ಷ ಬೆಳೆಸಿ ನೋಡಿ, ಪೀಳಿಗೆಯಿಂದ ಪೀಳಿಗೆಗೆ ಬದಲಾಗದ ಇಪ್ಪತ್ತೆರಡು ತಳಿಗಳನ್ನು ಅವರು ಉಳಿಸಿಕೊಂಡರು. ಕಾಳಿನ ಆಕಾರ, ಬೇಳೆಯ ಬಣ್ಣ, ಬೀಜದ ಹೊರಸಿಪ್ಪೆಯ ಮತ್ತು ಹೂವಿನ ಬಣ್ಣ, ಕಾಯಿಯ ಆಕಾರ, ಎಳೆಗಾಯಿಯ ಬಣ್ಣ, ಹೂ ಬಿಡುವ ಸ್ಥಾನ, ಕಾಂಡದ ಎತ್ತರ ಇವೇ ಪರಿಶೀಲನೆಗೆ ಆರಿಸಿದ ಏಳು ಗುಣಗಳು.

1856ರಿಂದ 1863ರವರೆಗೆ ಸತತವಾಗಿ ಎಂಟು ವರ್ಷ ಈ ಕೆಲಸ ನಡೆಯಿತು. ಮೊಗ್ಗು ಅರಳುವ ಮುನ್ನವೇ ಅದನ್ನು ಬಿಡಿಸಿ, ಹತ್ತು ಕೇಸರಗಳನ್ನು ಚಿಮಟದಿಂದ ಕಿತ್ತು, ಬೇರೊಂದು ತಳಿಯ ಪರಾಗವನ್ನು ಲೇಪಿಸಬೇಕು. ಬೀಜ ಬಲಿತ ಮೇಲೆ ಎಣಿಸಬೇಕು. ಮರುವರ್ಷ ಬಿತ್ತಿ ಮತ್ತೆ ಎಣಿಸಬೇಕು. ಹೀಗೆ ಒಟ್ಟು ಇಪ್ಪತ್ತೆಂಟು ಸಾವಿರದಷ್ಟು ಗಿಡಗಳು ಅವರ ಕೈಯಲ್ಲಿ ಬೆಳೆದವು.

ಬೀಜದ ಗುಣವನ್ನು ನೆಲ, ಹವೆ, ಕೀಟಗಳ ಪ್ರಭಾವದಿಂದ ಬೇರ್ಪಡಿಸಿ ನೋಡುವಲ್ಲಿ ಅವರು ತೋರಿದ ಎಚ್ಚರ ಇಂದಿನ ವಿದ್ಯಾರ್ಥಿಗಳೂ ಗಮನಿಸತಕ್ಕದ್ದು. ಗೊಬ್ಬರ ಹೆಚ್ಚಾದಲ್ಲಿ ಗಿಡ ಸ್ವಲ್ಪ ಎತ್ತರವಾಗಬಹುದು, ನೆರಳಿನಲ್ಲಿ ಕುಗ್ಗಬಹುದು. ಆದ್ದರಿಂದ ಅಲ್ಪ ಅಂತರದ ತಳಿಗಳನ್ನು ಬಿಟ್ಟು, ಆರೇಳು ಅಡಿ ಬೆಳೆಯುವುದನ್ನೂ ಮುಕ್ಕಾಲರಿಂದ ಒಂದೂವರೆ ಅಡಿ ಮಾತ್ರ ಬೆಳೆಯುವುದನ್ನೂ ಜೋಡಿಸಿದರು. ನೆಲದ ಸಾರ ಎಷ್ಟೇ ವ್ಯತ್ಯಾಸವಾದರೂ ಈ ಅಂತರವನ್ನು ತುಂಬಲಾರದು. ಎತ್ತರದ ಗಿಡಗಳ ನಡುವೆ ಹುಟ್ಟಿದ ಗಿಡ್ಡ ಸಸಿಗಳು ಬೆಳಕಿಲ್ಲದೆ ಸಾಯುವುದನ್ನು ಕಂಡು ಅವುಗಳನ್ನು ಜೋಪಾನವಾಗಿ ಕಿತ್ತು ಬೇರೊಂದು ಪಾತಿಯಲ್ಲಿ ನೆಟ್ಟರು. ಹಾಗೆ ಮಾಡದಿದ್ದರೆ ಗಿಡ್ಡ ಗಿಡಗಳ ಸಂಖ್ಯೆ ಲೆಕ್ಕದಲ್ಲಿ ಕಡಿಮೆಯಾಗಿ, ನೆಲದ ಮೇಲಿನ ಸ್ಪರ್ಧೆ ಬೀಜದೊಳಗಿನ ಸತ್ಯವನ್ನು ಮರೆಮಾಡುತ್ತಿತ್ತು. ಬಟಾಣಿಯ ಕಾಳುಹುಳದ ವಿಷಯವಾಗಿ ಅವರು 1854ರಷ್ಟು ಹಿಂದೆಯೇ ಲೇಖನ ಪ್ರಕಟಿಸಿದ್ದರು. ಹುಳು ಕೊರೆದ ಕಾಳು ಬಣ್ಣ, ಆಕಾರಗಳಲ್ಲಿ ಕೆಡುವುದನ್ನು ಬಲ್ಲವರಾದ್ದರಿಂದ ಅಂಥ ಕಾಳುಗಳ ಬಗ್ಗೆ ಜಾಗರೂಕರಾಗಿದ್ದರು. ತೋಟದಲ್ಲಿ ಕೀಟಗಳು ಪರಾಗವನ್ನು ಬೆರಕೆ ಮಾಡಿರಬಹುದೆಂಬ ಸಂದೇಹವೂ ಉಳಿಯಬಾರದೆಂದು ಕೆಲವು ಗಿಡಗಳನ್ನು ಕುಂಡಗಳಲ್ಲಿ ನೆಟ್ಟು ಗಾಜಿನ ಮನೆಯಲ್ಲಿ ಬೆಳೆಸಿ ಹೋಲಿಸಿ ನೋಡಿದರು.

ಫಲವೇನು? ಉರುಟು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಹುಟ್ಟಿದ ಕಾಳುಗಳೆಲ್ಲವೂ ಉರುಟಾಗಿದ್ದವು. ಸುಕ್ಕಿನ ಗುಣ ಅಳಿದುಹೋಯಿತೇ? ಆ ಉರುಟು ಕಾಳುಗಳನ್ನು ಬಿತ್ತಿ ಬಂದ ಬೆಳೆಯಲ್ಲಿ 5,474 ಕಾಳು ಉರುಟು, 1,850 ಕಾಳು ಸುಕ್ಕು. ಬೇಳೆಯ ಬಣ್ಣದಲ್ಲಿ 6,022 ಹಳದಿ, 2,001 ಹಸಿರು. ಎತ್ತರದಲ್ಲಿ 787 ಉದ್ದ, 277 ಗಿಡ್ಡ. ಏಳು ಗುಣಗಳಲ್ಲಿಯೂ ಮೂರಕ್ಕೆ ಒಂದರ ಸಮೀಪದ ಪ್ರಮಾಣ. ಕಣ್ಮರೆಯಾದ ಗುಣ ಅಳಿದಿರಲಿಲ್ಲ; ಅಡಗಿತ್ತು. ಉರುಟಾದವುಗಳೂ ಒಂದೇ ಬಗೆಯವಲ್ಲ. ಅವುಗಳಿಂದ ಬೆಳೆದ 565 ಗಿಡಗಳಲ್ಲಿ 193 ಗಿಡಗಳು ಉರುಟು ಕಾಳನ್ನಷ್ಟೇ ಕೊಟ್ಟವು. 372 ಗಿಡಗಳು ಮತ್ತೆ ಎರಡು ಬಗೆಯನ್ನೂ ಕೊಟ್ಟವು. ಅಂದರೆ ಮೂರರಲ್ಲಿ ಒಂದು ಪಾಲು ಶುದ್ಧ, ಎರಡು ಪಾಲು ಮಿಶ್ರ.

ಪ್ರತಿಯೊಂದು ಗುಣಕ್ಕೂ ಬೀಜದಲ್ಲಿ ಎರಡು ಅಂಶಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದುದು. ಅವು ಹಾಲು ನೀರಿನಂತೆ ಬೆರೆತುಹೋಗುವುದಿಲ್ಲ. ಪ್ರತ್ಯೇಕವಾಗಿಯೇ ಉಳಿದು, ಪರಾಗ ಮತ್ತು ಅಂಡಗಳು ರೂಪುಗೊಳ್ಳುವಾಗ ಒಂದೊಂದಾಗಿ ಹಂಚಿಹೋಗುತ್ತವೆ. ಬೇರೆ ಬೇರೆ ಗುಣಗಳ ಅಂಶಗಳು ಒಂದನ್ನೊಂದು ಅವಲಂಬಿಸದೆ ಹಂಚಿಕೆಯಾಗುತ್ತವೆ. ಇದು ಮೆಂಡೆಲರು ಕಂಡುಕೊಂಡ ನಿಯಮ. ತಂದೆತಾಯಿಗಳ ಗುಣಗಳು ಕಲಸಿ ಒಂದಾಗುವುವೆಂದು ಹೆಚ್ಚಿನ ವಿದ್ವಾಂಸರು ನಂಬಿದ್ದ ಕಾಲದಲ್ಲಿ ಇದು ಸಂಪೂರ್ಣ ನೂತನವಾದ ದರ್ಶನವಾಗಿತ್ತು.

ಕೇಳುವವರಿಲ್ಲದ ಮಾತು

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋ ನಗರದ ಪ್ರಕೃತಿವಿಜ್ಞಾನ ಸಂಘದಲ್ಲಿ ಮೆಂಡೆಲರು ತಮ್ಮ ಪ್ರಬಂಧವನ್ನು ಓದಿದರು. ಊರಿನ ಪತ್ರಿಕೆ ಸುದ್ದಿಯನ್ನು ಪ್ರಕಟಿಸಿತು. ಸಭಿಕರು ಗೌರವದಿಂದ ಆಲಿಸಿದರು; ಆದರೆ ಗಿಡಗಳ ನಡುವೆ ಗಣಿತಕ್ಕೇನು ಕೆಲಸವೆಂಬುದು ಯಾರಿಗೂ ಹೊಳೆಯಲಿಲ್ಲ. 1866ರಲ್ಲಿ ಪ್ರಬಂಧವು ಸಂಘದ ಸಂಚಿಕೆಯಲ್ಲಿ ಅಚ್ಚಾಗಿ ಯೂರೋಪಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸೇರಿತು. ಪ್ರತ್ಯೇಕವಾಗಿ ತೆಗೆಸಿದ ನಲವತ್ತು ಪ್ರತಿಗಳಲ್ಲಿ ಹಲವನ್ನು ಅವರು ಪ್ರಸಿದ್ಧ ಸಸ್ಯಶಾಸ್ತ್ರಜ್ಞರಿಗೆ ಕಳುಹಿಸಿದರು. ಅವುಗಳಲ್ಲಿ ಕೆಲವು ಪುಟ ಕತ್ತರಿಸದೆಯೇ ಉಳಿದಿದ್ದುದು ಮುಂದೆ ತಿಳಿದುಬಂದಿತು.

ಉತ್ತರಿಸಿದ ಗಣ್ಯರಲ್ಲಿ ಮ್ಯೂನಿಕ್ ನಗರದ ಸಸ್ಯಶಾಸ್ತ್ರಜ್ಞ ನೇಗೆಲಿ ಮುಖ್ಯರು. ಅವರಿಗೂ ಪ್ರಬಂಧದ ಹೃದಯ ತಿಳಿಯಲಿಲ್ಲ. ತಾವು ಅಭ್ಯಾಸ ಮಾಡುತ್ತಿದ್ದ ಹೈರೇಸಿಯಂ ಎಂಬ ಹಳದಿ ಹೂವಿನ ಕಾಡುಗಿಡದ ಮೇಲೆ ಪ್ರಯೋಗ ನಡೆಸುವಂತೆ ಅವರು ಮೆಂಡೆಲರನ್ನು ಪ್ರೇರೇಪಿಸಿದರು. ಸೂಜಿಮೊನೆಯಷ್ಟು ಸೂಕ್ಷ್ಮವಾದ ಹೂಗಳನ್ನು ಭೂತಗನ್ನಡಿಯಿಂದ ನೋಡಿ ನೋಡಿ ಮೆಂಡೆಲರ ಕಣ್ಣುಗಳು ಸೋತವು. ಬಟಾಣಿಯ ನಿಯಮ ಅಲ್ಲಿ ಕಾಣಲಿಲ್ಲ. ಆ ಗಿಡ ಬಹುತೇಕ ಪರಾಗಸಂಯೋಗವೇ ಇಲ್ಲದೆ ಬೀಜ ಕಟ್ಟುವ ಜಾತಿಯದೆಂಬುದು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಾತ್ರ ಬೆಳಕಿಗೆ ಬಂದಿತು. ಮೆಂಡೆಲರು ತಮಗೆ ದೊರೆತ ವಿರುದ್ಧ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಅದನ್ನೂ ಸಂಘದ ಮುಂದೆ ಓದಿ ಪ್ರಕಟಿಸಿದರು.

ಮಠಾಧಿಪತ್ಯ ಮತ್ತು ಅಂತ್ಯ

1867ರಲ್ಲಿ ನಾಪ್ ಅವರು ದಿವಂಗತರಾದರು. 1868ರ ಮಾರ್ಚ್ 30ರಂದು ಮಠವಾಸಿಗಳು ಮೆಂಡೆಲರನ್ನು ಮಠಾಧಿಪತಿಗಳನ್ನಾಗಿ ಆರಿಸಿದರು. ಬಿಟ್ಟಿ ದುಡಿದ ರೈತನ ಮಗ ವಿಸ್ತಾರವಾದ ಆಸ್ತಿಯುಳ್ಳ ಮಠದ ಒಡೆಯರಾದರು. ಆ ಸಂಪತ್ತನ್ನು ಅವರು ತಮಗಾಗಿ ಬಳಸಲಿಲ್ಲ. ಹುಟ್ಟೂರಿನಲ್ಲಿ ಅಗ್ನಿಶಾಮಕ ಕೇಂದ್ರ ಸ್ಥಾಪನೆಗೆ ನೆರವಾದರು. ದೀನರಿಗೆ ಕೈಬಿಚ್ಚಿ ಕೊಟ್ಟರು. ಜೇನುಸಾಕಣೆ, ಹಣ್ಣಿನ ತಳಿಗಳು, ಹವಾಮಾನದ ವೀಕ್ಷಣೆ ಇವು ಬಿಡುವಿನ ವೇಳೆಯ ಸಾಧನೆಗಳು. 1870ರ ಅಕ್ಟೋಬರ್ 13ರಂದು ಬ್ರನೋ ನಗರದ ಮೇಲೆ ಬೀಸಿದ ಸುಂಟರಗಾಳಿಯನ್ನು ಅವರು ವಿವರವಾಗಿ ವರ್ಣಿಸಿ ಬರೆದ ಲೇಖನ ಆ ವಿಷಯದ ಆದ್ಯ ವೈಜ್ಞಾನಿಕ ವಿವರಣೆಗಳಲ್ಲಿ ಒಂದು.

1874ರಲ್ಲಿ ಸರ್ಕಾರವು ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆಯನ್ನು ವಿಧಿಸಿತು. ಇದು ಅನ್ಯಾಯವೆಂದು ಬಗೆದ ಮೆಂಡೆಲರು ಕೊಡಲು ನಿರಾಕರಿಸಿದರು. ಇತರ ಮಠಗಳು ಕ್ರಮೇಣ ತಲೆಬಾಗಿದರೂ ಅವರು ಬಾಗಲಿಲ್ಲ. ಮನವಿಗಳು, ಪ್ರತಿಮನವಿಗಳು, ಜಪ್ತಿಯ ಆಜ್ಞೆಗಳು ಇವುಗಳಲ್ಲಿ ಹತ್ತು ವರ್ಷಗಳು ಕಳೆದವು. ಮಿತ್ರರು ದೂರವಾದರು, ತೋಟದ ಪಾತಿ ಬರಿದಾಯಿತು. ಅವರ ನಿಲುವು ಸರಿಯೋ ಹಟವೋ ಎಂಬ ಬಗ್ಗೆ ಅಭಿಪ್ರಾಯಭೇದವಿರಬಹುದು. ವಿಜ್ಞಾನಕ್ಕೆ ಮಾತ್ರ ಅದರಿಂದ ನಷ್ಟವಾಯಿತೆಂಬುದು ನಿರ್ವಿವಾದ.

ಮೂತ್ರಪಿಂಡದ ವ್ಯಾಧಿಯಿಂದ ಬಳಲಿ 1884ರ ಜನವರಿ 6ರಂದು ಅವರು ಕಾಲವಶರಾದರು. ಅದೇ ಮಠದ ಆಶ್ರಯದಲ್ಲಿ ಬೆಳೆದು ಮುಂದೆ ಪ್ರಖ್ಯಾತ ಸಂಗೀತಕಾರರಾದ ಯಾನಾಚೆಕ್ ಅಂತ್ಯಸಂಸ್ಕಾರದ ಸಂಗೀತವನ್ನು ನಡೆಸಿಕೊಟ್ಟರು. ಶವಯಾತ್ರೆಯಲ್ಲಿ ಬಡವರು ತಮ್ಮ ಪೋಷಕನಿಗಾಗಿ, ಶಿಷ್ಯರು ತಮ್ಮ ಗುರುವಿಗಾಗಿ ಕಂಬನಿಗರೆದರು. ಒಬ್ಬ ಮಹಾವಿಜ್ಞಾನಿ ಅಗಲಿದರೆಂದು ಅಲ್ಲಿ ಯಾರೂ ಅರಿಯರು. ಅವರ ಖಾಸಗಿ ಕಾಗದಪತ್ರಗಳಲ್ಲಿ ಬಹುಭಾಗ ಅಗ್ನಿಗೆ ಆಹುತಿಯಾಯಿತು.

ಪುನರುದಯ

1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯದ ಚೆರ್ಮಾಕ್ ತಮ್ಮ ತಮ್ಮ ಪ್ರಯೋಗಗಳ ಸಂದರ್ಭದಲ್ಲಿ ಈ ಹಳೆಯ ಪ್ರಬಂಧವನ್ನು ಕಂಡರು. ಮೂವತ್ತನಾಲ್ಕು ವರ್ಷ ನೆಲದೊಳಗೆ ಮಲಗಿದ್ದ ಬೀಜ ಮೊಳೆಯಿತು. ಇಂಗ್ಲೆಂಡಿನಲ್ಲಿ ಬೇಟ್ಸನ್ ಅದರ ಪ್ರಚಾರಕ್ಕೆ ನಿಂತರು. 1909ರಲ್ಲಿ ಡೆನ್ಮಾರ್ಕಿನ ಯೊಹಾನ್ಸೆನ್ ಮೆಂಡೆಲರ ಅಂಶಕ್ಕೆ ಜೀನ್ ಎಂಬ ಹೆಸರನ್ನಿಟ್ಟರು. ಒಂದೇ ಶುದ್ಧ ತಳಿಯ ಹುರುಳಿಕಾಯಿ ಗಿಡಗಳಲ್ಲಿ ದಪ್ಪ ಕಾಳನ್ನು ಬಿತ್ತಿದರೂ ಸಣ್ಣ ಕಾಳನ್ನು ಬಿತ್ತಿದರೂ ಮುಂದಿನ ಬೆಳೆಯ ಸರಾಸರಿ ತೂಕ ಒಂದೇ ಆಗಿರುವುದನ್ನು ತೋರಿಸಿ, ಬೀಜದಲ್ಲಿ ಇರುವುದು ಬೇರೆ, ಪರಿಸರದೊಡನೆ ಕೂಡಿ ಕಣ್ಣಿಗೆ ಕಾಣುವುದು ಬೇರೆ ಎಂಬ ವಿವೇಕವನ್ನು ಅವರು ಸ್ಪಷ್ಟಪಡಿಸಿದರು. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್, ಮೆಂಡೆಲರ ಅಂಕಿಗಳು ನಿರೀಕ್ಷೆಗಿಂತ ಹೆಚ್ಚು ಅಚ್ಚುಕಟ್ಟಾಗಿವೆಯೆಂದು ಆಕ್ಷೇಪವೆತ್ತಿದರು. ಅದರ ಮೇಲೆ ದೀರ್ಘ ಚರ್ಚೆ ನಡೆದಿದೆ. ನಿಯಮದ ಸತ್ಯತೆ ಮಾತ್ರ ಎಲ್ಲೆಡೆ ಪುನಃ ಪುನಃ ದೃಢಪಟ್ಟಿದೆ.

ಮೆಂಡೆಲರು ಎಣಿಸಿದ ಗುಣಗಳ ಒಳಗುಟ್ಟು ಒಂದೊಂದಾಗಿ ಈಗ ತಿಳಿದಿದೆ. ಸುಕ್ಕು ಕಾಳಿನಲ್ಲಿ ಪಿಷ್ಟವನ್ನು ಕವಲೊಡೆಸುವ ಕಿಣ್ವದ ಜೀನ್ ಕೆಟ್ಟಿದೆಯೆಂದು 1990ರಲ್ಲಿ ಗೊತ್ತಾಯಿತು. ಗಿಡ್ಡ ಬಟಾಣಿಯಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಸಿದ್ಧಗೊಳಿಸುವ ಜೀನ್ ದುರ್ಬಲವಾಗಿದೆಯೆಂದು 1997ರಲ್ಲಿ ತಿಳಿಯಿತು. ಈ ಜಿಬ್ಬರೆಲಿನ್ನಿನ ಕಥೆ ಸ್ವಾರಸ್ಯಕರವಾದುದು. ಭತ್ತದ ಸಸಿಗಳು ವಿಪರೀತ ಉದ್ದವಾಗಿ, ಬಡಕಲಾಗಿ ಬಿದ್ದುಹೋಗುವ ರೋಗವೊಂದು ಜಪಾನಿನ ರೈತರನ್ನು ಕಾಡುತ್ತಿತ್ತು. ಅದಕ್ಕೆ ಒಂದು ಶಿಲೀಂಧ್ರವು ಸ್ರವಿಸುವ ದ್ರವ್ಯವೇ ಕಾರಣವೆಂದು 1926ರಲ್ಲಿ ಕುರೋಸಾವಾ ಎಂಬ ವಿಜ್ಞಾನಿ ತೋರಿಸಿದರು. ಆ ದ್ರವ್ಯಕ್ಕೆ ಶಿಲೀಂಧ್ರದ ಹೆಸರಿನಿಂದಲೇ ಜಿಬ್ಬರೆಲಿನ್ ಎಂಬ ಹೆಸರಾಯಿತು. ಅದನ್ನು ಗಿಡ್ಡ ಬಟಾಣಿಗೆ ಹೊರಗಿನಿಂದ ಲೇಪಿಸಿದರೆ ಗಿಡ ಎತ್ತರಕ್ಕೆ ಬೆಳೆಯುವುದೆಂದು 1950ರ ದಶಕದ ಪ್ರಯೋಗಗಳು ತೋರಿಸಿದವು. ಆದರೆ ಹಾಗೆ ಎತ್ತರವಾದ ಗಿಡದ ಬೀಜ ಬಿತ್ತಿದರೆ ಹುಟ್ಟುವುದು ಮತ್ತೆ ಗಿಡ್ಡ ಗಿಡವೇ. ಒಂದೇ ಗುಣ ಬೀಜದ ಜೀನಿನಿಂದಲೂ ಬರಬಹುದು, ಸೂಕ್ಷ್ಮಜೀವಿಯ ಸ್ರಾವದಿಂದಲೂ ಬರಬಹುದು. ಮುಂದಿನ ಪೀಳಿಗೆಗೆ ದಾಟುವುದು ಮಾತ್ರ ಬೀಜದಲ್ಲಿರುವುದು.

ಮೆಂಡೆಲರ ಪಾತಿಯಲ್ಲಿ ಅವರ ಕಣ್ಣಿಗೆ ಕಾಣದೆ ದುಡಿದ ಜೊತೆಗಾರರೂ ಇದ್ದರು. ಬಟಾಣಿ, ತೊಗರಿ, ಹುರುಳಿ, ಅವರೆ ಮೊದಲಾದ ದ್ವಿದಳ ಸಸ್ಯಗಳ ಬೇರನ್ನು ಕಿತ್ತು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣಿಸುತ್ತವೆ. ಅವುಗಳೊಳಗೆ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡ ಅವುಗಳಿಗೆ ಸಕ್ಕರೆಯನ್ನು ಕೊಡುತ್ತದೆ. ಈ ಪರಸ್ಪರ ದಾಸೋಹವನ್ನು ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ಪ್ರಕಟಪಡಿಸಿದ್ದು 1886ರಲ್ಲಿ, ಮೆಂಡೆಲರು ತೀರಿಕೊಂಡ ಎರಡು ವರ್ಷಗಳ ಮೇಲೆ. ಎರಡು ವರ್ಷಗಳ ಬಳಿಕ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದರು. ಕೆಲವು ಬಟಾಣಿ ತಳಿಗಳಲ್ಲಿ ಒಂದು ಜೀನ್ ಕೆಟ್ಟಿದ್ದರೆ ಬೇರಿನಲ್ಲಿ ಗಂಟೇ ಕಟ್ಟುವುದಿಲ್ಲ. ಜೀನ್ ಸರಿಯಿದ್ದರೂ ನೆಲದಲ್ಲಿ ತಕ್ಕ ಬ್ಯಾಕ್ಟೀರಿಯವಿಲ್ಲದಿದ್ದರೆ ಕಟ್ಟುವುದಿಲ್ಲ. ಎರಡೂ ಇದ್ದರೂ ಸಾರಜನಕದ ಗೊಬ್ಬರ ಹೇರಳವಾಗಿದ್ದಲ್ಲಿ ಗಿಡ ಗಂಟುಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ. ಬೀಜ, ಸೂಕ್ಷ್ಮಜೀವಿ, ನೆಲ ಈ ಮೂರೂ ಕೂಡಿದಲ್ಲದೆ ಗಿಡದ ಬೆಳವಣಿಗೆ ಅರ್ಥವಾಗುವುದಿಲ್ಲ.

ಈ ಸಮತೂಕವನ್ನು ಮರೆತವರಿಂದ ಲೋಕಕ್ಕೆ ಅನರ್ಥವೂ ಆಯಿತು. ಹುಟ್ಟೇ ಸರ್ವಸ್ವವೆಂದು ಸಾಧಿಸಲು ಮೆಂಡೆಲರ ನಿಯಮವನ್ನು ದುರುಪಯೋಗಪಡಿಸಿಕೊಂಡವರು ಕುಲದ ಹೆಸರಿನಲ್ಲಿ ಘೋರಕೃತ್ಯಗಳನ್ನು ಎಸಗಿದರು. ಪರಿಸರವೇ ಸರ್ವಸ್ವವೆಂದು ಸೋವಿಯತ್ ದೇಶದಲ್ಲಿ ಲೈಸೆಂಕೊ ಘೋಷಿಸಿದಾಗ ಮೆಂಡೆಲರ ಹೆಸರೇ ನಿಷಿದ್ಧವಾಗಿ, ಅವರನ್ನು ಅನುಸರಿಸಿದ ವವಿಲೋವರಂಥ ವಿಜ್ಞಾನಿಗಳು ಸೆರೆಮನೆಯಲ್ಲಿ ಪ್ರಾಣಬಿಟ್ಟರು. 1950ರಲ್ಲಿ ಬ್ರನೋ ಮಠವನ್ನೇ ಮುಚ್ಚಲಾಯಿತು. 1910ರಲ್ಲಿ ನಗರದ ಚೌಕದಲ್ಲಿ ನಿಲ್ಲಿಸಿದ್ದ ಮೆಂಡೆಲರ ಅಮೃತಶಿಲೆಯ ಪ್ರತಿಮೆಯನ್ನು ಮಠದ ಅಂಗಳಕ್ಕೆ ಸಾಗಿಸಿದರು. ಪ್ರಬಂಧ ಓದಿದ ನೂರನೆಯ ವರ್ಷವಾದ 1965ರಲ್ಲಿ ದೇಶವಿ‌ದೇಶಗಳ ವಿದ್ವಾಂಸರು ಬ್ರನೋ ನಗರದಲ್ಲಿಯೇ ಸೇರಿ ಅವರಿಗೆ ಗೌರವ ಸಲ್ಲಿಸಿದರು. ಅವರ ಹೆಸರಿನ ವಸ್ತುಸಂಗ್ರಹಾಲಯವೂ ಅಲ್ಲಿ ಸ್ಥಾಪಿತವಾಯಿತು.

ಮೆಂಡೆಲರ ಜೀವನವೇ ಅವರ ಶಾಸ್ತ್ರಕ್ಕೆ ಒಂದು ನಿದರ್ಶನ. ಪ್ರತಿಭೆಯೆಂಬ ಬೀಜ ಅವರಲ್ಲಿ ಜನ್ಮತಃ ಇದ್ದಿತು. ಆದರೆ ಊರಿನ ಉಪಾಧ್ಯಾಯನು ಗುರುತಿಸದಿದ್ದರೆ, ತಂಗಿ ತನ್ನ ಪಾಲನ್ನು ಬಿಟ್ಟುಕೊಡದಿದ್ದರೆ, ಅಧ್ಯಾಪಕನು ದಾರಿ ತೋರದಿದ್ದರೆ, ಪರೀಕ್ಷೆಯಲ್ಲಿ ಸೋತ ಶಿಷ್ಯನ ಮೇಲೆ ಮಠಾಧಿಪತಿಗಳು ನಂಬಿಕೆಯಿಟ್ಟು ಓದಿಸಿ, ಒಂದು ತುಂಡು ನೆಲವನ್ನು ಕೊಡದಿದ್ದರೆ, ಎತ್ತರದ ಗಿಡಗಳ ನೆರಳಿನಲ್ಲಿ ಸಿಲುಕಿದ ಗಿಡ್ಡ ಬಟಾಣಿಯಂತೆ ಆ ಪ್ರತಿಭೆಯೂ ಬೆಳಕು ಕಾಣದೆ ಬಾಡಿಹೋಗುತ್ತಿತ್ತು. ನೆರಳಿನಲ್ಲಿ ಬಾಡುತ್ತಿದ್ದ ಸಸಿಗಳನ್ನು ಮೆಂಡೆಲರು ಕಿತ್ತೆಸೆಯಲಿಲ್ಲ. ಬೇರು ಹರಿಯದಂತೆ ಎತ್ತಿ, ಬೆಳಕಿರುವ ಪಾತಿಯಲ್ಲಿ ನೆಟ್ಟರು. ವಿದ್ಯಾದಾನದಲ್ಲಿ ತೊಡಗಿದ ಗುರುಗಳಿಗೂ ಅದಕ್ಕೆ ಆಸರೆಯಾದ ದಾನಿಗಳಿಗೂ ಇದಕ್ಕಿಂತ ಮೇಲಾದ ಆದರ್ಶ ಬೇರೆ ಬೇಕಿಲ್ಲ.